ಪದ ಪರಿಚಯ: ನೆಟೋಸಿಸ್

ನೆಟೋಸಿಸ್ ಎಂದರೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ ಸಾಯುವ ಒಂದು ಬಗೆ. ಕಣವು ತನ್ನ ಡಿಎನ್‌ಎಯನ್ನೇ ಬಲೆಯಾಗಿ ಹೊರಚೆಲ್ಲಿ ರೋಗಾಣುಗಳನ್ನು ಸಿಕ್ಕಿಸುತ್ತದೆ. ಬರ್ಲಿನ್ನಿನ ವಿಜ್ಞಾನಿಗಳು 2004ರಲ್ಲಿ ವರ್ಣಿಸಿದ ಈ ಬಲೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ‘ನೆಟ್’ ಎಂದಾಗುತ್ತವೆ. ಅದಕ್ಕೆ ಗ್ರೀಕ್ ಮೂಲದ ‘ಓಸಿಸ್’ ಪ್ರತ್ಯಯ ಸೇರಿ 2007ರ ಹೊತ್ತಿಗೆ ಪದ ಬಳಕೆಗೆ ಬಂತು. ಜೀವಕೋಶ ಸಾಯುವ ಬೇರೆ ಬಗೆಗಳ ಹೆಸರುಗಳಾದ ಅಪೊಪ್ಟೋಸಿಸ್, ನೆಕ್ರೋಸಿಸ್ ಅದಕ್ಕಿಂತ ಹಳೆಯವು.

ಒಂದು ಬಗೆಯ ಸಾವು ಇನ್ನೊಂದಕ್ಕೆ ದಾರಿಮಾಡುವುದನ್ನು ಮೈಸೂರಿನ ಮಾನಸಗಂಗೋತ್ರಿಯ ಜೀವರಸಾಯನಶಾಸ್ತ್ರ ವಿಭಾಗದ ಸಂಶೋಧಕರು ತುಮಕೂರು ವಿಶ್ವವಿದ್ಯಾನಿಲಯದವರೊಂದಿಗೆ ಸೇರಿ ಸೊಗಸಾಗಿ ತೋರಿಸಿದ್ದಾರೆ. ಅವರ ಅಧ್ಯಯನ 2016ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗರಗಸ ಮಂಡಲ ಹಾವಿನ ವಿಷವನ್ನು ಇಲಿಯ ಬಾಲಕ್ಕೆ ಚುಚ್ಚಿದಾಗ ನ್ಯೂಟ್ರೊಫಿಲ್‌ಗಳು ಅಲ್ಲಿಗೆ ಧಾವಿಸಿ ಬಲೆ ಚೆಲ್ಲಿದವು. ಬಲೆಗಳು ರಕ್ತನಾಳಗಳನ್ನು ಮುಚ್ಚಿದವು, ವಿಷ ಅಲ್ಲೇ ಉಳಿಯಿತು, ಅಂಗಾಂಶ ಕೊಳೆಯಿತು. ಈ ಕೊಳೆಯುವಿಕೆಯೇ ನೆಕ್ರೋಸಿಸ್. ಹಾವು ಕಚ್ಚಿ ಬದುಕಿದವರು ಕೈಕಾಲು ಕಳೆದುಕೊಳ್ಳುವುದು ಹೆಚ್ಚಾಗಿ ಇದರಿಂದ. ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಕಿಣ್ವವನ್ನು ವಿಷದೊಡನೆ ಕೊಟ್ಟಾಗ ಬಾಲ ಉಳಿಯಿತು, ಆದರೆ ವಿಷ ಮೈಗೆಲ್ಲ ಹರಡಿ ಸತ್ತ ಇಲಿಗಳ ಸಂಖ್ಯೆ ಹೆಚ್ಚಿತು. ಹೀಗಾಗಿ ನೆಟೋಸಿಸ್ ಅನ್ನು ಬರೀ ಹಾನಿಕರವೆಂದು ಕರೆಯುವುದು ತಪ್ಪು.