ಹೊಗೆಗೂಡಿನ ಮೇಲೊಂದು ಆಂಟೆನಾ

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು. ಆಗ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಗುಂಡ್ಲುಪೇಟೆಯ ನಮ್ಮ ಬೀದಿಗೆ ಚಿತ್ರ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು, ಬಂದದ್ದೂ ಅರೆಬರೆ. ಸಣ್ಣ ಮರುಪ್ರಸಾರ ಕೇಂದ್ರದ ಅಲೆ ಸುಮಾರು 25 ಕಿಲೋಮೀಟರ್ ದಾಟಿದರೆ ಸೊರಗುತ್ತದೆ. ಮೈಸೂರು ನಮಗೆ 60 ಕಿಲೋಮೀಟರ್. ಎತ್ತರಕ್ಕೆ ಕಟ್ಟುವುದೊಂದೇ ದಾರಿ. ಹೆಂಚಿನ ಮನೆಯಲ್ಲಿ ಎತ್ತರದ್ದೆಂದರೆ ಅಡಿಗೆಮನೆಯ ಹೊಗೆಗೂಡು. ಅಪ್ಪ ಕಬ್ಬಿಣದ ಪೈಪನ್ನು ಅದಕ್ಕೇ ಬಿಗಿದರು.

ಮೀನಿನ ಮುಳ್ಳಿನಂಥ ಆ ಆಂಟೆನಾವನ್ನು 1926ರಲ್ಲಿ ಲೋಕಕ್ಕೆ ತಿಳಿಸಿದವರು ಜಪಾನಿನ ಉಡಾ ಮತ್ತು ಯಾಗಿ. ಸೌದೆ ಒಲೆಯ ಹೊಗೆಯನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲವೇನೋ! ಮಸಿ ಕೂತು ವೈರಿನ ಜೋಡಣೆ ಕೆಡುತ್ತಿತ್ತು, ಬಿಸಿಗೆ ಚಪ್ಪಟೆ ವೈರು ಬಿರಿಯುತ್ತಿತ್ತು. ಕೋತಿ ಜಗ್ಗಿದರಂತೂ ದಿಕ್ಕೇ ಬದಲು; ತೆರೆಯ ತುಂಬ ನುಚ್ಚಕ್ಕಿ.

1987ರ ಜನವರಿ 25ರಿಂದ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾಯಿತು. ಅಪ್ಪ ರಿಪೇರಿಗೆ ಹತ್ತುತ್ತಿದ್ದುದೂ ಆ ಹೊತ್ತಿಗೇ. “ಒಲ ಆರ್ಸಮ್ಮಿ, ಕಣ್ಣುರೀತದ!” ಎಂದು ಮೇಲಿನಿಂದ ಕೂಗು. ಅವ್ವ ಬೇಯುವ ಸಾರು ಇಳಿಸಿ, ಸೌದೆ ಈಚೆಗೆಳೆದು ನೀರು ಚಿಮುಕಿಸುತ್ತಿದ್ದಳು. ನಾನು ಕಿಟಕಿಯಲ್ಲಿ ನಿಂತು “ಬಂತು, ಹೋಯ್ತು, ಇನ್ನೊಂಚೂರು ತಿರುಗ್ಸಿ” ಎನ್ನಬೇಕು. ಕಣ್ಣುರಿ, ಕೆಮ್ಮು ಎಂದು ಅವ್ವ ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವಳ ಹೊಗೆಯಲ್ಲಿ ಅರ್ಧ ಗಂಟೆ ಕೂತು ಕೆಳಗಿಳಿದ ಅಪ್ಪ, ಆ ವಾರವೇ ಗ್ಯಾಸಿಗೆ ಹೆಸರು ಬರೆಸಿದರು.

ಸಿಲಿಂಡರ್ ಬರುವ ಹೊತ್ತಿಗೆ ಮಹಾಭಾರತವೂ ಮುಗಿದಿತ್ತು.