ನಕ್ಷೆಯ ಮೇಲೆ ಹರಿಯುವ ಕೆಂಪು ಗೆರೆ

ಯಾತ್ರೆ ಮುಗಿಸಿ ಬಂದ ಕುಟುಂಬವೊಂದು ತಾನು ತೆಗೆದ ವಿಡಿಯೋವನ್ನು ನೆಂಟರಿಷ್ಟರಿಗೆ ತೋರಿಸುತ್ತದೆ. ಮೊದಲು ಜಿಲ್ಲೆಯ ನಕ್ಷೆ ಕಾಣುತ್ತದೆ. ಆಳಂದದಲ್ಲಿ ಒಂದು ಚುಕ್ಕೆ ಮೂಡಿ, ಅದರಿಂದ ಹೊರಟ ಕೆಂಪು ಗೆರೆ ದಕ್ಷಿಣಕ್ಕೆ ಹರಿದು ಗಾಣಗಾಪುರ ಮುಟ್ಟುತ್ತದೆ. ಇದಕ್ಕೆ ಹಿಡಿಯುವ ಕಾಲ ಐದು ಸೆಕೆಂಡು. ನಡೆದು ಬಂದವರಿಗೆ ಅದು ಒಂದು ದಿನಕ್ಕೆ ಮುಗಿಯದ ದಾರಿ.

ಈ ಗೆರೆ ಮನೆಯ ವಿಡಿಯೋಗೆ ಬಂದದ್ದು ಸಿನಿಮಾದಿಂದ. 1942ರ ‘ಕಾಸಾಬ್ಲಾಂಕಾ’ ಚಿತ್ರದ ಆರಂಭದಲ್ಲಿ ಯುದ್ಧದಿಂದ ಓಡುವ ನಿರಾಶ್ರಿತರ ಹಾದಿಯನ್ನು ನಕ್ಷೆಯ ಮೇಲೆ ಸಾಗುವ ಗೆರೆಯೇ ಹೇಳುತ್ತದೆ. 1981ರ ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಚಿತ್ರದಲ್ಲಿ ನಾಯಕನ ವಿಮಾನದ ಜತೆ ಕೆಂಪು ಗೆರೆ ಓಡಿತು. ನಕ್ಷೆಯನ್ನು ಕ್ಯಾಮರಾದ ಮುಂದೆ ಅಲುಗದಂತೆ ಇಟ್ಟು, ಗೆರೆಯನ್ನು ಎಳ್ಳಷ್ಟೆಳ್ಳಷ್ಟೇ ಬೆಳೆಸುತ್ತ ಒಂದೊಂದೇ ಚಿತ್ರ ತೆಗೆಯುವುದು ಇದರ ಹಳೆಯ ವಿಧಾನ. ಇಡೀ ಗೆರೆ ಎಳೆದು, ಸ್ವಲ್ಪಸ್ವಲ್ಪವೇ ಅಳಿಸುತ್ತ ಚಿತ್ರಿಸಿ, ಕೊನೆಗೆ ಫಿಲಂ ತಿರುಗುಮುರುಗು ಓಡಿಸುವ ಉಪಾಯವೂ ಉಂಟು. ಮನೆಬಳಕೆಯ ಟೇಪ್ ಕ್ಯಾಮರಾಗಳು ಸಾಮಾನ್ಯವಾಗಿ ಒಂದೇ ಫ್ರೇಮನ್ನು ಹಿಡಿಯಲಾರವಾದ್ದರಿಂದ ಅಲ್ಲಿ ಗೆರೆ ಕುಂಟುತ್ತ ಸಾಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಅದು ನಯವಾಯಿತು.

ಲೆಕ್ಕ ಹಾಕಿದರೆ ಸಂಗತಿ ಸ್ಪಷ್ಟವಾಗುತ್ತದೆ. ಭಾರತದ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು. ಐದು ಸೆಕೆಂಡಿಗೆ 125. ಆಳಂದದಿಂದ ಗಾಣಗಾಪುರಕ್ಕೆ ನೇರ ಗೆರೆಯಲ್ಲೇ ಸುಮಾರು 40 ಕಿ.ಮೀ. ಅಂದರೆ ಒಂದು ಫ್ರೇಮಿಗೆ 320 ಮೀಟರ್, ಕಾಲ್ನಡಿಗೆಯಲ್ಲಿ ಸುಮಾರು ಐದು ನಿಮಿಷ. ಕಣ್ಣಿಗೆ ಬೀಳದಷ್ಟು ಹೊತ್ತಿನಲ್ಲಿ ಯಾತ್ರಿಕನ ಐದು ನಿಮಿಷ ಕಳೆದುಹೋಗಿರುತ್ತದೆ.

ಗಾಣಗಾಪುರ ಅಫಜಲಪುರ ತಾಲ್ಲೂಕಿನಲ್ಲಿದೆ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಈ ಕ್ಷೇತ್ರ 15ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯವರಿಂದ ಪ್ರಸಿದ್ಧ. ಇಲ್ಲಿಗೆ ಬರುವ ಮೂರು ದಿಕ್ಕಿನ ದಾರಿಗಳು ಮೂರು ಬಗೆಯವು. ಆಳಂದದ ಕಡೆಯವರಿಗೆ ಅಮರ್ಜಾ ನದಿಯೇ ದಿಕ್ಸೂಚಿ. ಅದು ಆ ತಾಲ್ಲೂಕಿನಿಂದ ಇಳಿದು ಸಂಗಮಕ್ಕೇ ಬರುತ್ತದೆ. ಅಫಜಲಪುರದವರು ಭೀಮೆಯ ಉತ್ತರ ದಂಡೆಯಲ್ಲೇ ಪೂರ್ವಕ್ಕೆ ನಡೆದರಾಯಿತು. ಜೇವರ್ಗಿಯವರಿಗೆ ಮಾತ್ರ ಭೀಮೆಯನ್ನು ದಾಟಲೇಬೇಕು. ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ತುಂಬಿದರೆ ಅವರ ಯಾತ್ರೆ ದಂಡೆಯಲ್ಲೇ ನಿಂತಿತು. ಪರದೆಯ ಕೆಂಪು ಗೆರೆಗೆ ಹೊಳೆಯೂ ಒಂದೇ, ಹೊಲವೂ ಒಂದೇ.

ಈ ನೆಲವನ್ನು ಕಾಗದಕ್ಕಿಳಿಸಿದವರೂ ನಡೆದವರೇ. 1790ರ ದಶಕದಲ್ಲಿ ಕಾಲಿನ್ ಮೆಕೆಂಜಿ ಹೈದರಾಬಾದ್ ನಿಜಾಮರ ಸೀಮೆಯಲ್ಲಿ ಸರ್ವೆ ನಡೆಸಿದ. 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಮೋಜಣಿ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ 1815ರ ಹೊತ್ತಿಗೆ ಬೀದರ್ ಸಮೀಪಕ್ಕೆ ಬಂದು ಅಲ್ಲಿ ಆಧಾರ ರೇಖೆ ಅಳೆಸಿದ. ಅಂದಿನ ದಾರಿ ಅಳೆಯುವವರು ಗಾಲಿ ಉರುಳಿಸುತ್ತ, ಅದು ಎಷ್ಟು ಸುತ್ತಿತೆಂದು ಎಣಿಸುತ್ತ ಸಾಗುತ್ತಿದ್ದರು. ಮುಂಬೈ ಕಡೆಯಿಂದ ಸೊಲ್ಲಾಪುರ, ಕಲಬುರಗಿ ಮಾರ್ಗವಾಗಿ ಬಂದ ರೈಲು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ‘ಗಾಣಗಾಪುರ ರೋಡ್’ ನಿಲ್ದಾಣ ಹುಟ್ಟಿ ದೂರದ ಯಾತ್ರಿಕರ ನಡಿಗೆ ತಗ್ಗಿತು. ಆಳಂದದಿಂದ ನಡೆದು ಬರುವವರಿಗೆ ಆ ಹಳಿ ದಾಟಿಹೋಗುವ ಗುರುತಷ್ಟೇ ಆಯಿತು.

ಹಾಗಾದರೆ ಗೆರೆ ಸುಳ್ಳೇ? ಹಾಗೆನ್ನಲಾಗದು. ಎಲ್ಲಿಂದ ಎಲ್ಲಿಗೆ ಎಂಬುದನ್ನು ಅದು ಕ್ಷಣದಲ್ಲಿ ತಿಳಿಸುತ್ತದೆ. ತೊಡಕಿರುವುದು ಅದು ಯಾವ ದಾರಿಯನ್ನು ಹಿಡಿಯುತ್ತದೆ ಎಂಬಲ್ಲಿ. ಅಮೆರಿಕ ತನ್ನ ಉಪಗ್ರಹ ಸಂಕೇತಗಳನ್ನು ಉದ್ದೇಶಪೂರ್ವಕವಾಗಿ ಮಸುಕುಗೊಳಿಸುವುದನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅಲ್ಲಿಂದ ಮುಂದೆ ಸಾಮಾನ್ಯರ ಕೈಯ ಉಪಕರಣವೂ ಕೆಲವೇ ಮೀಟರ್ ಅಂತರದಲ್ಲಿ ಜಾಗ ಗುರುತಿಸತೊಡಗಿತು. ಇಂದು ಜೇಬಿನ ಫೋನು ನಡೆದ ಹೆಜ್ಜೆಯನ್ನೇ ದಾಖಲಿಸಿ ಗೆರೆಯಾಗಿ ಓಡಿಸಬಲ್ಲದು. ಆದರೆ ಊರ ಹೆಸರುಗಳನ್ನಷ್ಟೇ ಕೊಟ್ಟರೆ ಯಂತ್ರ ತನಗೆ ಗೊತ್ತಿರುವ ಡಾಂಬರು ರಸ್ತೆಯನ್ನೇ ತೋರಿಸುತ್ತದೆ. ಹೊಲದ ಬದುವಿನ ದಾರಿ, ಹಳ್ಳದ ಅಂಚಿನ ದಾರಿ ಅದಕ್ಕೆ ಇಲ್ಲವೇ ಇಲ್ಲ.

ಇದು ಬರೀ ವಿಡಿಯೋದ ಮಾತಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಬೇರೆಬೇರೆ ಗುರುತಿನಿಂದ ತೋರಿಸಲಾಗಿದೆ. ದಾರಿಯನ್ನು ಯಾರಾದರೂ ಉತ್ತು ಹೊಲಕ್ಕೆ ಸೇರಿಸಿಕೊಂಡಾಗ ರೈತ ಮೊದಲು ಕೇಳುವುದು ‘ನಕಾಶೆಯಲ್ಲಿ ದಾರಿ ಇದೆಯೇ?’ ಎಂದು. ಗೆರೆ ಇದ್ದರೆ ವಾದಕ್ಕೆ ಬಲ. ಇಲ್ಲದಿದ್ದರೆ ತಲೆಮಾರುಗಳ ನಡಿಗೆಯನ್ನು ಸಾಕ್ಷಿಗಳ ಬಾಯಿಂದ ಸಾಧಿಸಬೇಕು.

ಯಾತ್ರಿಕರು ದಾರಿಯನ್ನು ನೆನಪಿಟ್ಟುಕೊಳ್ಳುವ ಬಗೆಯೇ ಬೇರೆ. ಎಲ್ಲಿ ನೀರು, ಎಲ್ಲಿ ನೆರಳು, ಯಾವ ಊರಲ್ಲಿ ರೊಟ್ಟಿ ಕೊಡುವ ಮನೆ, ಎಲ್ಲಿ ರಾತ್ರಿ ವಸ್ತಿ ಎಂಬುದೇ ಅವರ ನಕ್ಷೆ. ವಿಡಿಯೋ ಮಾಡುವವರು ಆ ತಂಗುದಾಣಗಳಲ್ಲಿ ಗೆರೆಯನ್ನು ಒಂದೆರಡು ಸೆಕೆಂಡು ನಿಲ್ಲಿಸಿ ಊರಿನ ಹೆಸರು ಬರೆದರೂ ಸಾಕು. ನಡೆದವರ ಕಾಲವನ್ನು ಅದು ಪೂರ್ತಿ ಹೇಳಲಾರದು; ಅವರು ಯಾವ ದಾರಿಯಲ್ಲಿ ಬಂದರು ಎಂಬುದನ್ನಾದರೂ ಮೊಮ್ಮಕ್ಕಳಿಗೆ ಉಳಿಸೀತು.