ಜಿನಾಲಯದ ಅಂಗಳದಲ್ಲಿ ಹಲವು ನುಡಿಗಳು

ತುಳುನಾಡಿನ ಬಸದಿಯೊಂದರಲ್ಲಿ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವವು ನಡೆಯುವಾಗ ಅಂಗಳದಲ್ಲಿ ನಿಂತು ಕಿವಿಗೊಟ್ಟವನಿಗೆ ಒಂದೇ ಭಾಷೆ ಕೇಳಿಸದು. ಪ್ರತಿಷ್ಠಾಚಾರ್ಯರ ಮಂತ್ರಗಳು ಸಂಸ್ಕೃತದವು. ಶ್ರಾವಕರು ಜಪಿಸುವ ಪಂಚನಮಸ್ಕಾರವು ಪ್ರಾಕೃತದ್ದು. ಶ್ರಾವಿಕೆಯರ ಹಾಡು ಕನ್ನಡದ್ದು. ಚಪ್ಪರದವರೊಡನೆ ನಡೆಯುವ ಮಾತು ತುಳುವಿನದು. ಉತ್ತರದಿಂದ ವಿಹಾರ ಮಾಡುತ್ತ ಬಂದ ಮುನಿಗಳಿದ್ದರೆ ಪ್ರವಚನವು ಹಿಂದಿಯಲ್ಲಿ. ಇದನ್ನು ಯಾರೂ ವಿಚಿತ್ರವೆಂದು ಎಣಿಸುವುದಿಲ್ಲ. ಈ ರೂಢಿಯ ಬೇರು ಬಹು ಹಳೆಯದು.

ಭಗವಾನ್ ಮಹಾವೀರ ಸ್ವಾಮಿಯ ಉಪದೇಶವು ಪಂಡಿತರ ಸಂಸ್ಕೃತದಲ್ಲಿ ಹೊರಡಲಿಲ್ಲ. ಜನಸಾಮಾನ್ಯರಿಗೆ ತಿಳಿಯುವ ಅರ್ಧಮಾಗಧಿಯಲ್ಲಿ ಹೊರಟಿತೆಂದು ಪರಂಪರೆಯು ಹೇಳುತ್ತದೆ. ಸಮವಸರಣದಲ್ಲಿ ನೆರೆದ ಜೀವಿಗಳೆಲ್ಲ ದಿವ್ಯಧ್ವನಿಯನ್ನು ತಂತಮ್ಮ ಭಾಷೆಯಲ್ಲಿಯೇ ಅರಿತುಕೊಂಡರೆಂಬುದು ನಮ್ಮ ಪುರಾಣಗಳ ಮಾತು. ಮುಂದೆ ಕುಂದಕುಂದಾಚಾರ್ಯರು ಶೌರಸೇನಿ ಪ್ರಾಕೃತದಲ್ಲಿ ಬರೆದರು. ಇತರ ದರ್ಶನಗಳ ವಿದ್ವಾಂಸರ ನಡುವೆ ಸಂಸ್ಕೃತವೇ ಚರ್ಚೆಯ ಭಾಷೆಯಾಗಿದ್ದಾಗ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸಂಸ್ಕೃತದಲ್ಲಿ ರಚಿತವಾಯಿತು.

ಕರ್ನಾಟಕದಲ್ಲಿ ಇದಕ್ಕೆ ಚಾವುಂಡರಾಯನಿಗಿಂತ ಸ್ಪಷ್ಟವಾದ ಉದಾಹರಣೆ ದೊರೆಯದು. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಈ ಮಹಾನುಭಾವನು ಕ್ರಿ.ಶ. 978ರಲ್ಲಿ ಅರುವತ್ತುಮೂರು ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಆಚಾರಶಾಸ್ತ್ರವನ್ನು ಕುರಿತ ಚಾರಿತ್ರಸಾರವನ್ನು ಸಂಸ್ಕೃತದಲ್ಲಿ ರಚಿಸಿದನು. ಅವನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಬರೆದ ಗೊಮ್ಮಟಸಾರವು ಪ್ರಾಕೃತದಲ್ಲಿದೆ. ಒಬ್ಬನೇ ಮನುಷ್ಯನ ಸುತ್ತ ಮೂರು ಭಾಷೆಗಳು. ಮೂರಕ್ಕೂ ಬೇರೆ ಬೇರೆ ಕೆಲಸ. ವಿಂಧ್ಯಗಿರಿಯ ಬಾಹುಬಲಿ ಸ್ವಾಮಿಯ ಪಾದದ ಬಳಿ, ಚಾವುಂಡರಾಯನು ಮಾಡಿಸಿದನೆಂಬ ಒಂದೇ ಸಂಗತಿಯನ್ನು ಕನ್ನಡ, ತಮಿಳು, ಮರಾಠಿಗಳಲ್ಲಿ ಕೆತ್ತಲಾಗಿದೆ. ಲಿಪಿಗಳೂ ಬೇರೆಬೇರೆ. ನಾನಾ ದೇಶಗಳಿಂದ ಬರುವ ಯಾತ್ರಿಕನು ತನ್ನ ಅಕ್ಷರವನ್ನು ಅಲ್ಲಿ ಕಾಣಲೆಂದು ಕೆತ್ತಿಸಿದವರು ಬಯಸಿರಬೇಕು.

ಆದರೆ ಯಾವ ಭಾಷೆಯನ್ನು ಎಷ್ಟು ಬೆರೆಸಬೇಕೆಂಬ ವಿಷಯದಲ್ಲಿ ನಮ್ಮ ಕವಿಗಳಲ್ಲೇ ಒಮ್ಮತವಿರಲಿಲ್ಲ. 1112ರಲ್ಲಿ ಧರ್ಮಾಮೃತವನ್ನು ಬರೆದ ಮುಳುಗುಂದದ ನಯಸೇನನು ಕನ್ನಡದಲ್ಲಿ ಸಂಸ್ಕೃತವನ್ನು ಬೆರೆಸುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸಿದ್ದಕ್ಕೆ ಹೋಲಿಸಿದನು. ಆಂಡಯ್ಯನು ಸಂಸ್ಕೃತ ಶಬ್ದಗಳನ್ನು ತದ್ರೂಪದಲ್ಲಿ ಬಳಸದೆ ಕಾವ್ಯವನ್ನೇ ಕಟ್ಟಿದನು. ಇತ್ತ ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದನು! ಕನ್ನಡವು ಶಾಸ್ತ್ರಯೋಗ್ಯವಾದ ಭಾಷೆಯೆಂಬುದನ್ನು ಪಂಡಿತರಿಗೆ ಅವರ ಮಾತಿನಲ್ಲಿಯೇ ತಿಳಿಸುವುದು ಅವನಿಗೆ ಅಗತ್ಯವೆನಿಸಿತ್ತು.

ತುಳುನಾಡಿನ ಸ್ಥಿತಿ ಇನ್ನೂ ಸ್ವಾರಸ್ಯವಾದುದು. ಸುತ್ತಲೂ ತುಳು ಹಬ್ಬಿರುವ ನೆಲದಲ್ಲಿ ಅನೇಕ ಜೈನ ಮನೆತನಗಳು ಒಳಗೆ ಕನ್ನಡವನ್ನೇ, ಅದೂ ಘಟ್ಟದ ಮೇಲಿನವರದಕ್ಕಿಂತ ಬೇರೆಯಾದ ಕನ್ನಡವನ್ನು ಆಡುತ್ತ ಬಂದಿವೆ. ಹೊಸ್ತಿಲು ದಾಟಿದೊಡನೆ ಗದ್ದೆಯಲ್ಲೂ ಅಂಗಡಿಯಲ್ಲೂ ತುಳು. ಲೆಕ್ಕದ ಕಡತಕ್ಕೆ ಪುನಃ ಕನ್ನಡ. ಮೂಡುಬಿದಿರೆಯ ರತ್ನಾಕರವರ್ಣಿಯು ಭರತೇಶವೈಭವದ ಆರಂಭದಲ್ಲಿ ಕನ್ನಡಿಗರು, ತೆಲುಗರು, ತುಳುವರು ತಂತಮ್ಮ ನುಡಿಯಲ್ಲಿಯೇ ತನ್ನ ಕಾವ್ಯವನ್ನು ಮೆಚ್ಚಿ ಉದ್ಗರಿಸಬೇಕೆಂದು ಆಶಿಸಿದ್ದು ಇಂಥ ಪರಿಸರದಲ್ಲಿಯೇ.

ಅದೇ ಮೂಡುಬಿದಿರೆಯಲ್ಲಿ ಉಳಿದು ಬಂದ ಧವಲಾದಿ ಸಿದ್ಧಾಂತಗ್ರಂಥಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಮಾತ್ರ ಹಳಗನ್ನಡದ್ದು. 1939ರಿಂದ ಅವು ನಾಗರಿಯಲ್ಲಿ, ಹಿಂದಿ ಅನುವಾದದೊಡನೆ ಅಚ್ಚಾಗತೊಡಗಿದಾಗ ದೇಶದ ವಿದ್ವಾಂಸರಿಗೆಲ್ಲ ದೊರೆತವು. ಆ ತಾಡವಾಲೆಗಳನ್ನು ನೇರವಾಗಿ ಓದಬಲ್ಲವರು ಅವನ್ನು ಕಾಯ್ದುಕೊಂಡು ಬಂದ ನಾಡಿನಲ್ಲಿಯೇ ಈಗ ವಿರಳ. 2024ರಲ್ಲಿ ಕೇಂದ್ರ ಸರ್ಕಾರವು ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನಿತ್ತಿತು. ಸಂತೋಷವೇ. ಆದರೆ ನಿತ್ಯವೂ ಪಂಚನಮಸ್ಕಾರವನ್ನು ಹೇಳುವ ಮನೆಗಳಲ್ಲಿ ಅದರ ಪದಗಳನ್ನು ಬಿಡಿಸಿ ಅರ್ಥ ಹೇಳಬಲ್ಲವರು ಎಷ್ಟು ಮಂದಿ?

ಗ್ರಂಥಗಳಿಗಾದರೋ ತಾಡವಾಲೆಯ ಆಸರೆಯಿತ್ತು. ಮನೆಯೊಳಗಿನ ಜೈನಗನ್ನಡಕ್ಕೆ ಅಜ್ಜಿಯರ ನಾಲಗೆಯೊಂದೇ ಆಸರೆ. ಇಂಗ್ಲಿಷ್ ಶಾಲೆಯಿಂದ ಬಂದ ಮೊಮ್ಮಕ್ಕಳು ಅಡುಗೆಮನೆಯಲ್ಲಿ ಆ ಮಾತನ್ನು ಕೇಳಿ ಅರ್ಥಮಾಡಿಕೊಳ್ಳುತ್ತಾರೆ. ಉತ್ತರವನ್ನು ಮಾತ್ರ ಶಾಲೆಯ ಭಾಷೆಯಲ್ಲಿ ಕೊಡುತ್ತಾರೆ.